ಖಾನಾಪುರದ ಗಾಳಿ ಸೋಸಿದ ದಿನಗಳು

ಕತ್ತಲಲ್ಲಿ ಕೂತು ಸಂಬಳ ತಗೊಳ್ಳುವವಳು ಎಂದು ನಮ್ಮಣ್ಣ ನನ್ನನ್ನು ಚುಡಾಯಿಸುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೆಳಗಾವಿಯ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ನಾನು ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದೆ. ಪಾಠ ಹೇಳುವ ಪಾಳಿ ನನ್ನದಲ್ಲ. ಕತ್ತಲಕೋಣೆಯಲ್ಲಿ ಹುಡುಗರ ಪಕ್ಕ ನಿಂತು ತಂತಿ ಜೋಡಿಸಿ ಕೊಡುವುದು, ಲೆನ್ಸ್ ಒಡೆದವರನ್ನು ಬಯ್ಯುವುದು, ಇಷ್ಟೇ. ಬಯ್ಯುವುದು ನನಗೆ ಚೆನ್ನಾಗಿಯೇ ಬರುತ್ತಿತ್ತು. ಮದುವೆ ಆಗಿರಲಿಲ್ಲ, ಆಗುವ ಅವಸರವೂ ಇರಲಿಲ್ಲ. ಕನ್ಯೆ ನೋಡುವವರು ಬರುವುದು ಭಾನುವಾರ, ಮತ್ತು ಭಾನುವಾರ ನಾನು ಖಾನಾಪುರಕ್ಕೆ ಹೋಗಲೇಬೇಕಾಗಿತ್ತು. ಈ ಅನುಕೂಲವನ್ನು ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಘಟ್ಟದ ಕೆಳಗೆ, ಕಾಳಿ ನದಿಯ ಕಡೆ ಅಣು ವಿದ್ಯುತ್ ಸ್ಥಾವರ ಬರುತ್ತದಂತೆ ಎಂಬ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ಅದು ಬರುವ ಮೊದಲೇ ಸುತ್ತಲಿನ ಗಾಳಿ ಹೇಗಿದೆ ಎಂದು ಅಳೆದು ಇಟ್ಟುಕೊಂಡರೆ, ಬಂದ ಮೇಲೆ ಹೋಲಿಸಿ ನೋಡಬಹುದು. ಇಂಥ ಅಳತೆಯ ಒಂದು ಸಣ್ಣ ಪಾಲನ್ನು ನಮ್ಮ ವಿಭಾಗದ ಮುಖ್ಯಸ್ಥರು ಕಾಲೇಜಿಗೆ ತಂದರು. ನಮ್ಮ ಪಾಲಿಗೆ ಬಂದದ್ದು ಖಾನಾಪುರ. ಸ್ಥಾವರದ ಜಾಗದಿಂದ ಅದು ಬಹಳ ದೂರ. ದೂರ ಇದೆ ಎಂಬುದೇ ಅದರ ಅರ್ಹತೆ. ಏನೂ ಆಗದ ಊರಿನ ಗಾಳಿ ಹೇಗಿರುತ್ತದೆ ಎಂದು ತೋರಿಸಲು ಒಂದು ಊರು ಬೇಕಾಗಿತ್ತು.

ವಿಧಾನ ಸರಳ. ಒಂದು ಪಂಪು ಗಾಳಿಯನ್ನು ಎಳೆಯುತ್ತದೆ, ಆ ಗಾಳಿ ಅಂಗೈಯಗಲದ ಗುಂಡನೆಯ ಸೋಸುಕಾಗದದ ಮೂಲಕ ಹಾಯುತ್ತದೆ, ಧೂಳೆಲ್ಲ ಕಾಗದದ ಮೇಲೆ ನಿಲ್ಲುತ್ತದೆ. ಆ ಧೂಳಿನಲ್ಲಿ ವಿಕಿರಣ ಸೂಸುವಂಥದ್ದು ಇದ್ದರೆ ಅದನ್ನು ಬೆಳಕಿನ ಮೂಲಕ ಹಿಡಿಯಬೇಕು. ಜಿಂಕ್ ಸಲ್ಫೈಡ್ ಬಳಿದ ಬಿಲ್ಲೆಯೊಂದನ್ನು ಕಾಗದಕ್ಕೆ ತಾಗುವಂತೆ ಇಟ್ಟರೆ, ಕಣವೊಂದು ಬಂದು ಬಡಿದಾಗಲೆಲ್ಲ ಬಿಲ್ಲೆಯ ಮೇಲೆ ಒಂದು ಪುಟ್ಟ ಕಿಡಿ ಮಿನುಗಿ ಆರುತ್ತದೆ. ಒಂದಿಷ್ಟೂ ಬೆಳಕು ನುಸುಳದ ಕಪ್ಪು ಪೆಟ್ಟಿಗೆಯೊಳಗೆ ಗಾಜಿನ ನಳಿಕೆಯೊಂದು ಆ ಕಿಡಿಗಳನ್ನು ನೋಡಿ ಎಣಿಸುತ್ತದೆ. ಕಾಗದವನ್ನು ತಂದ ಕೂಡಲೇ ಎಣಿಸುವಂತಿಲ್ಲ. ನೆಲದಿಂದ ಸಹಜವಾಗಿ ಏಳುವ ವಿಕಿರಣ ಯಾವ ಊರಿನ ಗಾಳಿಯಲ್ಲೂ ಇರುತ್ತದೆ, ಅದು ಕೆಲವು ದಿನಗಳಲ್ಲಿ ತಾನಾಗಿ ಇಳಿದುಹೋಗುತ್ತದೆ. ಅದು ಇಳಿದ ಮೇಲೆ ಉಳಿದದ್ದೇ ನಮ್ಮ ಲೆಕ್ಕಕ್ಕೆ.

ಖಾನಾಪುರದಲ್ಲಿ ಪಂಪು ಇಡಲು ಕರೆಂಟು ಇರುವ, ಅಂಗಳ ಇರುವ, ಹುಡುಗರು ಕಲ್ಲು ಹೊಡೆಯದ ಮನೆ ಬೇಕಿತ್ತು. ಸಿಕ್ಕಿದ್ದು ಗ್ಯಾಸ್‌ಬತ್ತಿ ಬಾಡಿಗೆಗೆ ಕೊಡುವವರ ಮನೆ. ಸುತ್ತಲಿನ ಕಾಡಿನ ಹಳ್ಳಿಗಳಿಗೆ ಆಗಿನ್ನೂ ಕರೆಂಟು ಸರಿಯಾಗಿ ಬಂದಿರಲಿಲ್ಲ, ಬಂದಲ್ಲೂ ನಿಲ್ಲುತ್ತಿರಲಿಲ್ಲ. ಮದುವೆ ಎಂದರೆ ಇವರ ಮನೆಯಿಂದಲೇ ಬತ್ತಿಗಳು ಹೋಗಬೇಕು. ಯಜಮಾನರನ್ನು ನಾನು ಕಾಕಾ ಎಂದೂ ಅವರ ಹೆಂಡತಿಯನ್ನು ಕಾಕು ಎಂದೂ ಕರೆಯುತ್ತಿದ್ದೆ. ಕಾಕಾ ಮಾತಿಗೆ ಜಿಪುಣರು. ಕಾಕು ಅವರ ಪಾಲಿನದನ್ನೂ ಸೇರಿಸಿ ಆಡುತ್ತಿದ್ದರು.

"ಬರ್ರಿ ಅಕ್ಕಾರ, ಕುಂದರ್ರಿ. ಹವಾ ತುಂಬಕೊಂಡ ಹೋಗಾಕ ಬಂದ್ರೇನು? ಬೆಳಗಾವ್ಯಾಗ ಹವಾ ಇಲ್ಲೇನ್ರಿ?" ಎಂಬುದು ಅವರ ಸ್ವಾಗತ. ಬಾಗಿಲಲ್ಲೇ ಬೆಲ್ಲ ನೀರು ಕೊಡುತ್ತಿದ್ದರು. ನಾನು ಪಂಪು ಹಚ್ಚಿ, ಮಣ್ಣು ನೀರಿನ ಮಾದರಿ ತರಲು ನಂದಗಡದ ಬಸ್ಸು ಹಿಡಿಯುತ್ತಿದ್ದೆ. ಸಂಜೆ ತಿರುಗಿ ಬಂದು ಕಾಗದ ತೆಗೆದುಕೊಂಡು ಬೆಳಗಾವಿಗೆ ಹೋಗುತ್ತಿದ್ದೆ.

ಕಾಕುಗೆ ಒಬ್ಬಳೇ ಮಗಳು. ಅವಳನ್ನು ಬೆಳಗಾವಿಯ ಶಿವಬಸವ ನಗರಕ್ಕೆ ಕೊಟ್ಟಿದ್ದರು. ಅಳಿಯನಿಗೆ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಕೆಲಸ. ನಾನು ಹೋಗತೊಡಗಿ ಕೆಲವು ತಿಂಗಳಾಗಿರಬೇಕು, ಮಗಳು ಬಸುರಿ ಎಂಬ ಸುದ್ದಿ ಬಂತು. ಆವತ್ತಿನಿಂದ ಕಾಕುವಿನ ಬಾಯಲ್ಲಿ ಬೇರೆ ಮಾತಿಲ್ಲ. ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ಸೀರೆ ಉಡಿಸಿ ಕರಕೊಂಡು ಬರುವುದು, ಚೊಚ್ಚಲ ಹೆರಿಗೆ ಇಲ್ಲೇ, ಬಾಣಂತನ ಇಲ್ಲೇ. ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ಹಿತ್ತಲಲ್ಲಿ ಹೊಸ ಕಲ್ಲು ಹಾಸಿಸಿದರು. ಕಲ್ಲು ನುಣ್ಣಗಿಲ್ಲ ಎಂದು ಕಲ್ಲುಕೆಲಸದ ಗವಂಡಿಯನ್ನು ತಿರುಗಿ ಕರೆಸಿದರು. ಎದುರಾಗಿ ಆಡದಿದ್ದರೂ ಇವರ ಹುರುಪು ಕಂಡು ನಾನು ಒಳಗೊಳಗೇ ನಗುತ್ತಿದ್ದೆ.

ಅದೇ ಹೊತ್ತಿಗೆ ಕಾಗದಗಳು ಕಾಟ ಕೊಡತೊಡಗಿದವು. ಅಲ್ಲಿಯವರೆಗೆ ಖಾನಾಪುರದ ಕಾಗದ ಪೆಟ್ಟಿಗೆಯಲ್ಲಿ ತೆಪ್ಪಗಿರುತ್ತಿತ್ತು. ಈಗ ಎಣಿಕೆ ಏರಿತು. ದಿನ ಬಿಟ್ಟು ನೋಡಿದರೂ ಇಳಿಯಲಿಲ್ಲ, ವಾರ ಬಿಟ್ಟು ನೋಡಿದರೂ ಇಳಿಯಲಿಲ್ಲ. ಪೆಟ್ಟಿಗೆಗೆ ಬೆಳಕು ನುಸುಳುತ್ತಿದೆಯೇನೋ ಎಂದು ಕಪ್ಪು ಟೇಪು ಸುತ್ತಿದೆ. ನಳಿಕೆ ಬದಲಿಸಿದೆ. ಬೇರೆ ಕಾಗದ ಇಟ್ಟರೆ ಎಲ್ಲ ಸರಿ, ಖಾನಾಪುರದ್ದು ಇಟ್ಟರೆ ಮತ್ತೆ ಅದೇ ಗಲಾಟೆ. ಇನ್ನೂ ಕಟ್ಟದ ಸ್ಥಾವರದಿಂದ ಏನು ಬರಲು ಸಾಧ್ಯ? ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿ, ಇನ್ನೊಂದು ಪಂಪು ಇಡೋಣ ಎಂದರು. ಅದನ್ನು ಅದೇ ಮನೆಯ ಹಿತ್ತಲಿನಲ್ಲಿ ಇಟ್ಟೆವು. ಹಿತ್ತಲಿನ ಕಾಗದ ತೆಪ್ಪಗೆ, ಅಂಗಳದ ಕಾಗದ ಗಲಾಟೆ. ಪಂಪುಗಳನ್ನು ಅದಲುಬದಲು ಮಾಡಿದರೂ ಅಂಗಳದ್ದೇ ಜಾಸ್ತಿ. ನನಗೆ ತಲೆ ಕೆಟ್ಟುಹೋಯಿತು.

ಒಂದು ಯಂತ್ರ ಇದ್ದಾಗ ಊರಿನವರು ತಮಾಷೆ ಮಾಡುತ್ತಿದ್ದರು. ಎರಡನೆಯದು ಬಂದಾಗ ಹೆದರಿದರು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಡಾಕ್ಟರು ಎರಡನೆಯ ಸಲ ನಾಡಿ ಹಿಡಿದರೆ ಮನೆಯವರಿಗೆ ಅರ್ಥವಾಗುವುದಿಲ್ಲವೇ? "ಹವೇತ ವಿಷ ಆಹೇ" ಎಂದು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮರಾಠಿಯಲ್ಲಿ ಹುಟ್ಟಿದ ಮಾತು, ಹವಾದಾಗ ವಿಷ ಐತಂತ ಎಂದು ಕನ್ನಡವಾಗಿ ಬಸ್ಸು ಹತ್ತಿ ಬೆಳಗಾವಿ ಮುಟ್ಟಿತು. ಸ್ಥಾವರ ಇನ್ನೂ ಕಟ್ಟಿಲ್ಲವಲ್ಲ ಎಂದು ನಾನು ಕಂಡಕ್ಟರನಿಗೆ ಹೇಳಿದೆ. "ಕಟ್ಟದs ಇಷ್ಟ ಐತಿ, ಕಟ್ಟಿದ ಮ್ಯಾಲ ಎಷ್ಟರಿ?" ಎಂದು ಅವನು ಟಿಕೆಟು ಹರಿದು ಕೊಟ್ಟ.

ಶಿವಬಸವ ನಗರದಿಂದ ಬೀಗತಿ ಹೇಳಿಕಳಿಸಿದರು. ಕುಬಸ ಮಾಡಿಕೊಂಡು ಹೋಗಿರಿ, ಹುಡುಗಿಯನ್ನು ಕಳಿಸುವುದಿಲ್ಲ, ಹೆರಿಗೆ ಇಲ್ಲೇ ಆಗಲಿ. ಆ ಭಾನುವಾರ ಕಾಕು ಬೆಲ್ಲ ನೀರು ಕೊಡಲಿಲ್ಲ. ಪಂಪಿನ ಕಡೆ ಬೆರಳು ಮಾಡಿ, "ಇದನ್ನ ತೊಗೊಂಡ ಹೋಗ್ರಿ ಅಕ್ಕಾರ. ಇದು ಬರೂಕಿಂತ ಮೊದಲ ನಮ್ಮ ಹವಾ ಚಲೋ ಇತ್ತು" ಎಂದರು. ನನಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ. ಯಂತ್ರ ಇರುವುದನ್ನು ತೋರಿಸುತ್ತದೆಯೇ ಹೊರತು ಇಲ್ಲದ್ದನ್ನು ತರುವುದಿಲ್ಲ ಎಂದೆ. ಅದು ಅವರಿಗೆ ಸಮಾಧಾನವಲ್ಲ, ಇನ್ನಷ್ಟು ಹೆದರಿಕೆ ಎಂದು ಆಗ ನನಗೆ ಹೊಳೆಯಲಿಲ್ಲ.

ಮುಂದಿನ ಭಾನುವಾರ ನಂದಗಡದ ಬಸ್ಸು ಬರಲೇ ಇಲ್ಲ. ಕಾದು ಕಾದು ಬೇಸತ್ತು ತಿರುಗಿ ಕಾಕುವಿನ ಮನೆಗೇ ಬಂದು ಕಟ್ಟೆಯ ಮೇಲೆ ಕೂತೆ. ಕಾಕು ಅಂಗಳದಲ್ಲಿ ಚಾಪೆ ಹಾಸಿಕೊಂಡು ಟ್ರಂಕಿನಿಂದ ಬೆಳ್ಳಿ ಸಾಮಾನು ತೆಗೆದು ತಿಕ್ಕುತ್ತಿದ್ದರು. ಹಾಲು ಕುಡಿಸುವ ಬಟ್ಟಲು, ಪುಟ್ಟ ಚಮಚ, ಕಾಲ್ಗಡಗ, ಕೂಸಿನ ಕೊರಳಿಗೆ ಲಿಂಗ ಕಟ್ಟುವ ಕರಡಿಗೆ. ಬೀಗರು ಇಲ್ಲ ಅಂದರೇನು, ಅವರ ಮನಸ್ಸು ತಿರುಗಿಯೇ ತಿರುಗುತ್ತದೆ ಎಂಬ ಹಟ. ಬಸುರಿಯ ಸುದ್ದಿ ಬಂದಾಗಿನಿಂದ ಪ್ರತಿ ಭಾನುವಾರ, ಸೋಮವಾರದ ಪೂಜೆಗೆ ಮುಂಚೆ, ಇದೇ ಕೆಲಸವಂತೆ. ಒಂದು ಡಬ್ಬಿಯಿಂದ ಬಿಳಿ ಪುಡಿಯನ್ನು ಚಿಟಿಕೆ ಚಿಟಿಕೆ ತೆಗೆದು ಒಣಬಟ್ಟೆಯಿಂದ ತಿಕ್ಕುತ್ತಿದ್ದರು. ಪುಡಿ ಗಾಳಿಗೆ ಹಾರಿ ಹೋಗುತ್ತಿತ್ತು. ಪಂಪು ಮಾರು ದೂರದಲ್ಲಿ ಗುಂಯ್ ಎನ್ನುತ್ತಿತ್ತು.

"ಏನ್ರಿ ಕಾಕೂ ಅದು, ರಂಗೋಲಿ ಪುಡಿ ಏನು?"

"ರಂಗೋಲಿ ತಿಕ್ಕಿದ್ರ ಗೀರು ಬೀಳತೈತ್ರಿ. ಇದು ಬತ್ತಿ ಬೂದಿ. ಬೆಳ್ಳಿಗೆ ಇದರಂಥಾದ್ದು ಇನ್ನೊಂದಿಲ್ಲ. ನಮ್ಮತ್ತಿ ಕಲಿಸಿದ್ದು."

ಗ್ಯಾಸ್‌ಬತ್ತಿಯೊಳಗೆ ಉರಿಯುವುದು ಮ್ಯಾಂಟಲ್, ಅಂದರೆ ಸಣ್ಣ ಚೀಲದಂಥ ಒಂದು ಜಾಲರಿ. ಒಂದು ಸಲ ಉರಿದ ಮೇಲೆ ಅದು ಬರೀ ಬಿಳಿ ಬೂದಿಯ ಆಕಾರ, ಬೆರಳು ತಾಗಿದರೆ ಉದುರುತ್ತದೆ. ಮದುವೆ ಮುಗಿಸಿ ಬಂದ ಬತ್ತಿಗಳನ್ನು ಬಿಚ್ಚುವಾಗ ಉದುರಿದ್ದನ್ನೆಲ್ಲ ಕಾಕು ಕೂಡಿಟ್ಟಿದ್ದರು. ಆ ಜಾಲರಿಗೆ ಹೊಳಪು ಬರಲೆಂದು ಥೋರಿಯಂ ಉಣಿಸಿರುತ್ತಾರೆ. ಥೋರಿಯಂ ವಿಕಿರಣ ಸೂಸುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಹುಡುಗರಿಗೆ ತೋರಿಸಲೆಂದು ಇಂಥದೇ ಒಂದು ಮ್ಯಾಂಟಲನ್ನು ನಮ್ಮ ಕಾಲೇಜಿನ ಕಪಾಟಿನಲ್ಲೇ ಇಟ್ಟಿದ್ದೆವು. ಆದರೆ ಅದನ್ನು ಪುಡಿ ಮಾಡಿ ಕೂಸಿನ ಬಟ್ಟಲು ತಿಕ್ಕುವ ಮನೆ ಇರಬಹುದೆಂದು ಬೆಳಗಾವಿಯಲ್ಲಿ ಯಾರ ತಲೆಗೂ ಬರುವಂತಿರಲಿಲ್ಲ.

ಕೆಲಸ ನಿಲ್ಲಿಸಿ ಕೈ ತೊಳೆಯಿರಿ ಎಂದೆ. ಯಾಕೆ ಎಂದರು. ಹೇಳಿದರೆ ನಂಬಲಿಲ್ಲ. ನನ್ನ ಚೀಲದಲ್ಲಿ ಜಿಂಕ್ ಸಲ್ಫೈಡ್ ಬಿಲ್ಲೆಯೂ ಒಂದು ಲೆನ್ಸೂ ಇದ್ದವು. ಕಿಡಿಗಳು ಸಾಕಷ್ಟಿದ್ದರೆ ನಳಿಕೆಯೇ ಬೇಕಿಲ್ಲ, ಕತ್ತಲಿಗೆ ಹೊಂದಿಕೊಂಡ ಕಣ್ಣು ಸಾಕು. ಮಧ್ಯಾಹ್ನವೇ ಕಾಕುವನ್ನು ಜೋಳದ ಚೀಲಗಳಿದ್ದ ಒಳಕೋಣೆಗೆ ಕರೆದೊಯ್ದು, ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲ ಸಂದಿಗೆ ಗೋಣಿ ತುರುಕಿದೆ. ಬೂದಿಯ ಮೇಲೆ ಬಿಲ್ಲೆ ಇಟ್ಟು ಇಬ್ಬರೂ ಕತ್ತಲಲ್ಲಿ ಕೂತೆವು.

"ಇನ್ನೂ ಎಷ್ಟೊತ್ತು ಕುಂದರಬೇಕ್ರಿ?"

"ಕಣ್ಣು ಕತ್ತಲಿಗೆ ಹೊಂದಬೇಕ್ರಿ ಕಾಕೂ. ಅಲ್ಲೀತನಕ ಏನೂ ಕಾಣೂದಿಲ್ಲ."

ಸುಮ್ಮನೆ ಕೂರುವುದು ಅವರಿಗೆ ಬರುವಂಥದ್ದಲ್ಲ. ತುಸು ಹೊತ್ತಿಗೆ ತಾವಾಗಿಯೇ ಹೇಳತೊಡಗಿದರು. "ನನ್ನ ಚೊಚ್ಚಲ ಹೆರಿಗ್ಯಾಗ ನಮ್ಮವ್ವ ಇರಲಿಲ್ಲರಿ, ಮೊದಲs ತೀರಕೊಂಡಿದ್ಲು. ಅತ್ತಿ ಮನ್ಯಾಗ ಹಡದೆ. ಎರದವರು ಯಾರೋ, ಉಣಿಸಿದವರು ಯಾರೋ. ಅವತ್ತs ಅಂದಕೊಂಡಿದ್ದೆ, ನನ್ನ ಮಗಳಿಗೆ ನನ್ನ ಕೈಲೇ ಎರೀಬೇಕು, ಅಕೀ ಕೂಸಿಗೆ ನನ್ನ ಕೈಲೇ ಎರೀಬೇಕು ಅಂತ. ಇಷ್ಟ ವರ್ಷ ಅದೊಂದs ಹಿಡಕೊಂಡ ಕುಂತೇನ್ರಿ."

ನಾನು ಲೆನ್ಸನ್ನು ಅವರ ಕೈಗೆ ಕೊಟ್ಟು ಬಿಲ್ಲೆಯ ಮೇಲೆ ಬಗ್ಗಿಸಿದೆ. ಅವರು ಲೆನ್ಸಿಗೆ ಕಣ್ಣು ಹಚ್ಚಿದರು. ಆಮೇಲೆ ಮೆಲ್ಲಗೆ, "ಸಾಸಿವಿ ಸಿಡಿದಂಗ ಸಿಡ್ಯಾಕತ್ತೈತಿ" ಎಂದರು. "ಇದು ಆ ಹವಾದ್ದೇನ್ರಿ?"

"ಅಲ್ರಿ. ನಿಮ್ಮ ಬೂದೀದು."

"ಹವಾದಾಗ ಇಲ್ಲೇನು?"

"ಹಿತ್ತಲ ಕಾಗದಾಗ ಏನೂ ಇಲ್ರಿ. ಊರ ಹವಾ ಚಲೋ ಐತಿ. ನೀವು ಅಂಗಳದಾಗ ತಿಕ್ಕಿದ್ದು ಹಾರಿ ಪಂಪಿಗೆ ಹೋಗೈತಿ."

ಅವರು ಲೆನ್ಸನ್ನು ನನ್ನ ಮಡಿಲಿಗೆ ಇಟ್ಟರು. "ಹಂಗಾರ ನನ್ನ ಮಗಳನ್ನ ಬರದಂಗ ಮಾಡಿದಾಕಿ ನಾನs ಆದೆ" ಎಂದರು. ನಾನು ಎದ್ದು ಕಂಬಳಿ ಬಿಚ್ಚಿದೆ.

ಹೆದರಿ ಓಡುವಷ್ಟು ದೊಡ್ಡದೇನಲ್ಲ ಅದು. ಆದರೆ ಉಸಿರಿನ ಜೊತೆ ಒಳಗೆ ಹೋಗಬಾರದು, ಕೂಸಿನ ಬಟ್ಟಲಿಗೆ ಸೇರಬಾರದು. ಬೆಳ್ಳಿಯನ್ನೆಲ್ಲ ಹುಣಸೆಹಣ್ಣು ಹಾಕಿ ನೀರಲ್ಲಿ ತೊಳೆಸಿದೆ. ಅಂಗಳಕ್ಕೆ ನೀರು ಹೊಯ್ದು ಸೆಗಣಿ ಸಾರಿಸಿದರು. ಡಬ್ಬಿಯನ್ನು ನಾನೇ ಮುಚ್ಚಿ ಕಾಲೇಜಿಗೆ ಒಯ್ದೆ. ಕಾಕಾ ಮಾತ್ರ ಬಾಗಿಲಿಗೆ ಬಂದು, "ಅಕ್ಕಾರ, ಲಗ್ನದ ದಿನ ಅದಾವ. ಬತ್ತಿ ಸುದ್ದಿ ಊರಾಗ ಬ್ಯಾಡ" ಎಂದರು. ಉರಿಯುವ ಬತ್ತಿಯಿಂದ ಮದುವೆಮನೆಗೆ ಏನೂ ಆಗುವುದಿಲ್ಲ, ಬೂದಿಯನ್ನು ಕೈಯಲ್ಲಿ ಉದುರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದು ಹೇಳಿದೆ. ಮುಖ್ಯಸ್ಥರಿಗೆ ವಿಷಯ ತಿಳಿದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಖಾನಾಪುರದ ಗಾಳಿ ಮತ್ತೆ ಏನೂ ಇಲ್ಲದ ಗಾಳಿಯಾಯಿತು.

ಬೀಗರಿಗೆ ತಾನೇ ಹೇಳುತ್ತೇನೆ ಎಂದು ಕಾಕು ಹಟ ಹಿಡಿದರು. ನನ್ನನ್ನೂ ಕರೆದುಕೊಂಡು ಹೋದರು. ಶಿವಬಸವ ನಗರದ ಆ ಮನೆಯಲ್ಲಿ ಬೀಗತಿ ನಮ್ಮನ್ನು ಕೂರಿಸಿ, ಚುರುಮುರಿ ಚಹಾ ಕೊಟ್ಟು, ಪೂರಾ ಕೇಳಿಸಿಕೊಂಡರು. ನಾನು ಕರಿಹಲಗೆಯ ಮುಂದೆ ನಿಂತವಳ ಹಾಗೆ ವಿವರಿಸಿದೆ. ಮಗಳು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು.

ಬೀಗತಿ ದನಿ ಏರಿಸಲಿಲ್ಲ. "ನೋಡ್ರೀ ಬೀಗರ, ನಿಮ್ಮನ್ನ ಬಯ್ಯಾಕ ನನಗ ಬಾಯಿಲ್ಲ. ಹವಾ ಕೆಟ್ಟೈತಿ ಅಂದಾಗ ನಾ ಊರಿಗೆ ಹೆದರಿದ್ದೆ. ಈಗ ಊರು ಚಲೋ ಐತಿ, ಮನ್ಯಾಗ ಇತ್ತು ಅಂತೀರಿ. ತೊಳದೇವಿ ಅಂತೀರಿ. ಖರೇ ಇರಬಹುದು. ನನ್ನ ಜಾಗಾದಾಗ ನೀವಿದ್ರ ಸೊಸೀನ್ನ ಕಳಸ್ತಿದ್ರೇನು?"

ಕಾಕು ತಲೆ ಬಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. "ಇಲ್ರಿ" ಎಂದರು. "ಕಳಸ್ತಿರಲಿಲ್ಲ."

ತಿರುಗಿ ಬರುವಾಗ ನಾನು ದಾರಿಯುದ್ದಕ್ಕೂ ಅವರನ್ನು ಬಯ್ದೆ. ಹಾಗೆ ಯಾಕೆ ಒಪ್ಪಿಕೊಂಡಿರಿ, ಸುಳ್ಳಾದರೂ ಹೇಳಬಾರದಿತ್ತೇ ಎಂದು.

ಹೆರಿಗೆ ಬೆಳಗಾವಿಯ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣುಮಗು, ಬಾಣಂತಿ ಕೂಸು ಇಬ್ಬರೂ ಆರಾಮ. ಈ ಸುದ್ದಿಯನ್ನು ನನಗೆ ಹೇಳಿದವರು ಕಾಕುವೇ. ಒಂದು ಬೆಳಿಗ್ಗೆ, ಪ್ರಯೋಗಾಲಯದ ಬೀಗ ತೆಗೆಯುತ್ತಿದ್ದಂತೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಡಬ್ಬಿ. ಬಾಣಂತಿಗೆಂದು ತಂದ ಅಂಟಿನ ಉಂಡೆಯಲ್ಲಿ ನನಗೂ ಪಾಲು ತೆಗೆದಿದ್ದರು.

"ನಾ ಕಟ್ಟಿದ್ದಲ್ಲರಿ, ಬಾಜೂ ಮನಿಯಾಕೀ ಕೈಲೇ ಕಟ್ಟಿಸೇನಿ" ಎಂದರು. ಆಗ ಅವರ ಕೈ ನೋಡಿದೆ. ಬೆರಳ ಸಂದಿಯಲ್ಲೆಲ್ಲ ಚರ್ಮ ಒಡೆದು ಕೆಂಪಾಗಿತ್ತು. ದಿನವೂ ಸೀಗೆಕಾಯಿ, ಹುಣಸೆಹಣ್ಣು, ಬಟ್ಟೆ ಸಾಬೂನು, ಸಿಕ್ಕಿದ್ದರಲ್ಲೆಲ್ಲ ತಿಕ್ಕಿ ತೊಳೆಯುತ್ತಿದ್ದರಂತೆ. ಕೂಸು ಆಸ್ಪತ್ರೆಯಿಂದ ಶಿವಬಸವ ನಗರದ ಮನೆಗೆ ಬಂದಿತ್ತು. ಬೀಗತಿಯೇ ಎತ್ತಿಕೊಳ್ಳಿರಿ ಎಂದು ಮುಂದೆ ಹಿಡಿದರೂ ಇವರು ಕೈಯನ್ನು ಸೆರಗಿನೊಳಗೆ ಸೇರಿಸಿ ದೂರ ನಿಂತು ನೋಡಿ ಬಂದಿದ್ದರು. "ಅವರು ಬಾ ಅಂತಾರ್ರಿ, ಎರಿ ಅಂತಾರ. ನನಗ ಧೈರ್ಯ ಆಗವಲ್ದು. ನಿಮ್ಮ ಪೆಟ್ಟಿಗ್ಯಾಗ ನನ್ನ ಕೈ ಇಟ್ಟ ನೋಡ್ರಿ ಅಕ್ಕಾರ."

ಕೈ ಹಿಡಿಸುವಷ್ಟು ದೊಡ್ಡದಲ್ಲ ಆ ಪೆಟ್ಟಿಗೆ. ಒದ್ದೆ ಕಾಗದದಿಂದ ಅಂಗೈ, ಬೆರಳು, ಉಗುರಿನ ಸಂದಿ ಎಲ್ಲ ಒರೆಸಿ, ಕಾಗದ ಒಣಗಿಸಿ ಒಳಗಿಟ್ಟೆ. ಏನೂ ಇಲ್ಲ. ನನ್ನ ಕೈಯನ್ನೂ ಒರೆಸಿ ಇಟ್ಟೆ. ಎರಡಕ್ಕೂ ವ್ಯತ್ಯಾಸವಿಲ್ಲ ಎಂದು ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು.

"ಅದು ಯಂತ್ರದ ಮಾತಾತು. ನನಗ ಕಣ್ಣಿಗೆ ತೋರಸ್ರಿ."

ಕತ್ತಲಕೋಣೆಯಲ್ಲಿ ಅವರನ್ನು ಸ್ಟೂಲಿನ ಮೇಲೆ ಕೂರಿಸಿ ದೀಪ ಆರಿಸಿದೆ. ಕಣ್ಣು ಹೊಂದುವವರೆಗೆ ಕಾದೆವು. ಬಿಲ್ಲೆಯನ್ನು ಅವರ ಬಲಗೈಯ ಮೇಲೆ ಇಟ್ಟು ಲೆನ್ಸು ಕೊಟ್ಟೆ. ಎಷ್ಟೇ ಶುದ್ಧವಾಗಿದ್ದರೂ ಯಾವ ಬಿಲ್ಲೆಯ ಮೇಲಾದರೂ ಯಾವಾಗಲೋ ಒಮ್ಮೆ ಒಂದು ಕಿಡಿ ಮಿನುಗುತ್ತದೆ. ಅದಕ್ಕೆ ಅರ್ಥವಿಲ್ಲ, ಲೆಕ್ಕದಲ್ಲಿ ಕಳೆದುಬಿಡುತ್ತೇವೆ. ಆದರೆ ಅವರಿಗೆ ಅದನ್ನು ಹೇಗೆ ಕಳೆದು ತೋರಿಸಲಿ? ದೇವರು ದಿಂಡರು ಎಂದು ತಲೆ ಕೆಡಿಸಿಕೊಂಡವಳಲ್ಲ ನಾನು. ಆವತ್ತು ಆ ಕತ್ತಲಲ್ಲಿ ನಿಂತು, ಅದೊಂದು ಕಿಡಿ ಈಗ ಬೇಡ, ಈಗ ಮಾತ್ರ ಬೇಡ ಎಂದು ಬೇಡಿಕೊಂಡೆ.

ಅವರು ಒಂದೊಂದೇ ಬೆರಳನ್ನು ಬಿಲ್ಲೆಗೆ ತಾಗಿಸಿ ನೋಡಿದರು. ಕೈ ಬದಲಿಸಿ ಮತ್ತೆ ಮೊದಲಿನಿಂದ ನೋಡಿದರು. ಹೊರಗೆ ಹುಡುಗರು ಬಂದು ಬಾಗಿಲು ಬಡಿದರು, ನಾನು ಗದರಿ ಕಳಿಸಿದೆ.

"ಏನೂ ಕಾಣವಲ್ದು ಅಕ್ಕಾರ."

"ಕಾಣೂದಿಲ್ಲರಿ. ಇಲ್ಲ ಅಲ್ಲಿ ಏನೂ."

"ನನ್ನ ಕಣ್ಣು ಮಂಜಾಗಿಲ್ಲಲ್ಲ? ನೀವೂ ಒಮ್ಮೆ ನೋಡ್ರಿ."

ನಾನು ಬಗ್ಗಿ ಲೆನ್ಸಿಗೆ ಕಣ್ಣಿಟ್ಟೆ. ಕತ್ತಲು ಬಿಟ್ಟರೆ ಏನೂ ಇರಲಿಲ್ಲ. ಇಲ್ಲ ಎಂದೆ. ಅವರು ಅಳುತ್ತಿದ್ದಾರೆಂದು ಮೂಗೆಳೆದಾಗಲೇ ನನಗೆ ಗೊತ್ತಾದದ್ದು. ನನ್ನ ಕಣ್ಣಲ್ಲೂ ನೀರಿತ್ತು, ಕತ್ತಲೆಯಾದದ್ದು ಒಳ್ಳೆಯದಾಯಿತು.

ಸ್ಟೂಲು ಸರಿದ ಸದ್ದಾಯಿತು. "ಎಷ್ಟ ಗಂಟೆ ಆತ್ರಿ?" ಎಂದರು. "ಈಗ ಹ್ವಾದ್ರ ಕೂಸಿಗೆ ಎರಿಯೂ ಹೊತ್ತಿಗೆ ಹೋಗಾಕ ಆಗತೈತೇನು?"

ಆಗುತ್ತದೆ ಎಂದೆ. ಹುಡುಗರನ್ನು ಹೊರಗೇ ನಿಲ್ಲಿಸಿ, ಆಟೋ ಹಿಡಿಯಲು ನಾನೇ ರಸ್ತೆಗೆ ಓಡಿದೆ.